ಆಕಾಶದ ಅಂಗಡಿಗೆ ಗಿರಾಕಿ ಯಾರು?

2025ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರದ ಇನ್-ಸ್ಪೇಸ್ ಸಂಸ್ಥೆಯು ಒಂದು ಪ್ರಕಟಣೆಯನ್ನು ಹೊರಡಿಸಿತು. ಭೂಮಿಯನ್ನು ಆಕಾಶದಿಂದ ವೀಕ್ಷಿಸುವ 12 ಉಪಗ್ರಹಗಳ ಸಮೂಹವೊಂದನ್ನು ಕಟ್ಟಿ ನಡೆಸುವ ಕೆಲಸವನ್ನು ಬೆಂಗಳೂರಿನ ಪಿಕ್ಸೆಲ್ ಎಂಬ ಖಾಸಗಿ ಕಂಪೆನಿಯ ನೇತೃತ್ವದ ಒಕ್ಕೂಟಕ್ಕೆ ವಹಿಸಲಾಗಿದೆ ಎಂಬುದು ಅದರ ಸಾರಾಂಶ. ಬೆಂಗಳೂರಿನದೇ ಆದ ಸ್ಯಾಟ್‌ಶೂರ್, ಹೈದರಾಬಾದಿನ ಧ್ರುವ ಸ್ಪೇಸ್ ಮತ್ತು ಪಿಯರ್‌ಸೈಟ್ ಎಂಬ ಕಂಪೆನಿಗಳು ಒಕ್ಕೂಟದ ಉಳಿದ ಪಾಲುದಾರರು. ಐದು ವರ್ಷಗಳಲ್ಲಿ 1,200 ಕೋಟಿ ರೂಪಾಯಿಗೂ ಮಿಕ್ಕಿದ ಹೂಡಿಕೆ. ಇದುವರೆಗೆ ಇಂಥ ಉಪಗ್ರಹಗಳನ್ನು ಸರಕಾರವೇ ಕಟ್ಟುತ್ತಿತ್ತು, ಸರಕಾರವೇ ಹಾರಿಸುತ್ತಿತ್ತು, ಅವು ಕಳುಹಿಸಿದ ಚಿತ್ರಗಳನ್ನು ಬಹುಮಟ್ಟಿಗೆ ಸರಕಾರಿ ಕಚೇರಿಗಳೇ ನೋಡುತ್ತಿದ್ದವು. ಇನ್ನು ಕಟ್ಟುವುದೂ ಮಾರುವುದೂ ಕಂಪೆನಿಯ ಕೆಲಸ. ಕೊಳ್ಳುವವರು ಯಾರು ಎಂಬುದೇ ನಮ್ಮ ಇಂದಿನ ಪ್ರಶ್ನೆ.

ಕುಂಬಳೆ, ಬದಿಯಡ್ಕ, ಮಂಜೇಶ್ವರದ ವಾಚಕರು ಇದು ತಮಗೆ ಸಂಬಂಧಿಸಿದ ಸಂಗತಿಯಲ್ಲವೆಂದು ಪುಟ ಮಗುಚುವ ಮೊದಲು ನಮ್ಮೊಡನೆ ಒಂದು ಊರಿಗೆ ಬರಬೇಕು. ಅದರ ಹೆಸರು ಸಾಸ್ತೂರ. ಮಹಾರಾಷ್ಟ್ರದ ಮರಾಠವಾಡ ಸೀಮೆಯಲ್ಲಿ, ಹಿಂದೆ ಉಮರ್ಗಾ ತಾಲೂಕಿನಲ್ಲಿದ್ದು ಈಗ ಲೋಹಾರಾ ತಾಲೂಕಿಗೆ ಸೇರಿರುವ ಹಳ್ಳಿ. ಜಿಲ್ಲೆಯ ಹೆಸರು ಮೊದಲು ಉಸ್ಮಾನಾಬಾದ್, 2023ರಿಂದ ಧಾರಾಶಿವ. ಉಮರ್ಗಾ, ನಿಲಂಗಾ, ಉದಗೀರ ಎಂಬ ಈ ಪಟ್ಟಿಯು ನಮ್ಮ ಬೀದರ, ಕಲಬುರಗಿ ಜಿಲ್ಲೆಗಳ ಬೆನ್ನಿಗೆ ಅಂಟಿಕೊಂಡಿದೆ. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಕನ್ನಡದ ಮನೆಗಳು ಕಾಸರಗೋಡಿನಲ್ಲಿ ಮಾತ್ರ ಆಚೆ ಉಳಿದದ್ದಲ್ಲ, ಅಲ್ಲಿಯೂ ಉಳಿದವು. ಬಾಹ್ಯಾಕಾಶದ ವ್ಯಾಪಾರವನ್ನು ತೂಗಿ ನೋಡಲು ಶ್ರೀಹರಿಕೋಟಕ್ಕಿಂತ ಸಾಸ್ತೂರ ಒಳ್ಳೆಯ ತಕ್ಕಡಿಯೆಂಬುದು ನಮ್ಮ ಎಣಿಕೆ.

ಸಾಸ್ತೂರದ ಹೆಸರನ್ನು ದೇಶ ಕೇಳಿದ್ದು ಒಂದೇ ಸಲ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣೇಶ ವಿಸರ್ಜನೆ ಮುಗಿಸಿ ಊರು ಮಲಗಿದ್ದಾಗ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರ ಮೊದಲಾದ ಹಳ್ಳಿಗಳು ನೆಲಸಮವಾದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮರದ ತೊಲೆಗಳ ಮೇಲೆ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಬೇಸಗೆಯ ಬಿಸಿಲಿಗೆ ತಂಪೆಂದು ಕಟ್ಟಿದ ಮನೆಗಳೇ ಮಲಗಿದವರ ಮೇಲೆ ಬಿದ್ದವು. ಸತ್ತವರು ಹತ್ತು ಸಾವಿರದಷ್ಟು. ಆ ಮೇಲೆ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಹಳೆಯ ಜಾಗದಿಂದ ಎಬ್ಬಿಸಿ ಹೊಸ ನಿವೇಶನಗಳಲ್ಲಿ ನೆಲೆಗೊಳಿಸಲಾಯಿತು.

ಆ ದಿನ ಭಾರತಕ್ಕೆ ಆಕಾಶದಲ್ಲಿ ಕಣ್ಣಿರಲಿಲ್ಲವೆ? ಇತ್ತು. 1988ರಲ್ಲಿ ಹಾರಿದ ಐ.ಆರ್.ಎಸ್. 1ಎ, 1991ರಲ್ಲಿ ಹಾರಿದ 1ಬಿ ಎಂಬ ಎರಡು ದೂರಸಂವೇದಿ ಉಪಗ್ರಹಗಳಿದ್ದವು. ಆದರೆ ಅವುಗಳ ಚಿತ್ರದಲ್ಲಿ ಅತಿ ಸಣ್ಣ ಚುಕ್ಕೆಯೆಂದರೆ ನೆಲದ ಮೇಲಣ 36 ಮೀಟರ್ ಚೌಕ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತೆರಡು ಸೆಂಟ್ಸ್ ಜಾಗಕ್ಕೆ ಒಂದು ಚುಕ್ಕೆ. ಅಂಥ ಚುಕ್ಕೆಯಲ್ಲಿ ಬಿದ್ದ ಮನೆಯೂ ನಿಂತ ಮನೆಯೂ ಒಂದೇ. ಒಂದು ಉಪಗ್ರಹವು ಅದೇ ಊರಿನ ಮೇಲೆ ಮರಳಿ ಬರಲು 22 ದಿನ. ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಭೂಕಂಪಕ್ಕೆ ಹತ್ತು ದಿನ ಮೊದಲು, ಸೆಪ್ಟೆಂಬರ್ 20ರಂದು, ಪಿ.ಎಸ್.ಎಲ್.ವಿ. ರಾಕೆಟಿನ ಮೊದಲ ಉಡ್ಡಯನ ವಿಫಲವಾಗಿ ಅದು ಹೊತ್ತಿದ್ದ ಐ.ಆರ್.ಎಸ್. 1ಇ ಉಪಗ್ರಹ ಬಂಗಾಳ ಕೊಲ್ಲಿಯ ಪಾಲಾಗಿತ್ತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್, 1975ರಲ್ಲಿ ಬೆಂಗಳೂರಿನ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿಸಿದವರು ಅವರೇ. ಅಂದು ಸೋತ ರಾಕೆಟೇ ಮುಂದೆ ಮೂವತ್ತು ವರ್ಷ ದೇಶದ ಬಾಹ್ಯಾಕಾಶದ ಎತ್ತಿನ ಗಾಡಿಯಾಯಿತು. ಸೋಲನ್ನು ನುಂಗಿಕೊಂಡು ಮತ್ತೆ ಹಣ ಕೊಡುವ ಒಬ್ಬ ಯಜಮಾನನಿದ್ದುದರಿಂದ ಇದು ಸಾಧ್ಯವಾಯಿತು. ಆ ಯಜಮಾನ ಸರಕಾರ.

ಬಾಗಿಲು ತೆರೆದ ಬಗೆ

2020ರ ಜೂನ್‌ನಲ್ಲಿ ಕೇಂದ್ರವು ಬಾಹ್ಯಾಕಾಶ ಕ್ಷೇತ್ರವನ್ನು ಖಾಸಗಿ ಬಂಡವಾಳಕ್ಕೆ ತೆರೆಯಿತು. ಅನುಮತಿ ಕೊಡಲು ಇನ್-ಸ್ಪೇಸ್, ಇಸ್ರೋದ ಕೈಕೆಲಸವನ್ನು ವ್ಯಾಪಾರಕ್ಕಿಡಲು 2019ರಲ್ಲೇ ಹುಟ್ಟಿದ್ದ ಎನ್.ಎಸ್.ಐ.ಎಲ್. ಎಂಬ ಸರಕಾರಿ ಕಂಪೆನಿ, 2023ರ ಏಪ್ರಿಲ್‌ನಲ್ಲಿ ಬಾಹ್ಯಾಕಾಶ ನೀತಿ, 2024ರ ಫೆಬ್ರವರಿಯಲ್ಲಿ ವಿದೇಶಿ ಬಂಡವಾಳಕ್ಕೆ ಸಡಿಲಿಕೆ: ಉಪಗ್ರಹ ನಿರ್ಮಾಣದಲ್ಲಿ ಶೇ. 74ರವರೆಗೆ, ರಾಕೆಟಿನಲ್ಲಿ ಶೇ. 49ರವರೆಗೆ ನೇರ ಪ್ರವೇಶ. ಹೈದರಾಬಾದಿನ ಸ್ಕೈರೂಟ್ ಕಂಪೆನಿಯ ವಿಕ್ರಮ್-ಎಸ್ ರಾಕೆಟು 2022ರ ನವೆಂಬರ್ 18ರಂದು ಶ್ರೀಹರಿಕೋಟದಿಂದ ಹಾರಿ ಸುಮಾರು 90 ಕಿಲೋಮೀಟರ್ ಎತ್ತರಕ್ಕೆ ಹೋಗಿ ಸಮುದ್ರಕ್ಕೆ ಬಿತ್ತು. ಕಕ್ಷೆಗೆ ಹೋಗುವ ರಾಕೆಟಲ್ಲ, ಆದರೂ ದೇಶದ ಮೊದಲ ಖಾಸಗಿ ರಾಕೆಟು.

ಪಿಕ್ಸೆಲ್ ಕಂಪೆನಿಯ ಸ್ಥಾಪಕರಲ್ಲೊಬ್ಬರಾದ ಅವೈಸ್ ಅಹ್ಮದ್ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನವರು. 2019ರಲ್ಲಿ ಪಿಲಾನಿಯ ಬಿಟ್ಸ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಸೇರಿ ಹುಟ್ಟುಹಾಕಿದ ಕಂಪೆನಿಯಿದು. ಇದರ 'ಫೈರ್‌ಫ್ಲೈ', ಅಂದರೆ ಮಿಂಚುಹುಳ, ಎಂಬ ಹೆಸರಿನ ಮೊದಲ ಮೂರು ಉಪಗ್ರಹಗಳು 2025ರ ಜನವರಿಯಲ್ಲಿ ಹಾರಿದವು. ಹಾರಿಸಿದ್ದು ಅಮೇರಿಕದ ಸ್ಪೇಸ್‌ಎಕ್ಸ್ ಕಂಪೆನಿ, ಕ್ಯಾಲಿಫೋರ್ನಿಯದ ನೆಲೆಯಿಂದ. ಅದೇ ವರ್ಷ ಆಗಸ್ಟಿನಲ್ಲಿ ಇನ್ನೂ ಮೂರು ಸೇರಿದವು. ಇವುಗಳ ಕೌಶಲವೇನೆಂದು ಕೇಳಿದರೆ ತರಗತಿಯಲ್ಲಿ ನಾವು ಪಟ್ಟಕ ಹಿಡಿದು ತೋರಿಸುವ ಪಾಠವನ್ನೇ ಹೇಳಬೇಕು. ಪಟ್ಟಕವು ಬಿಳಿ ಬೆಳಕನ್ನು ಏಳು ಬಣ್ಣವಾಗಿ ಸೀಳುತ್ತದೆ. ಈ ಉಪಗ್ರಹದ ಕ್ಯಾಮರವು ನೆಲದಿಂದ ಬರುವ ಬೆಳಕನ್ನು ನೂರಕ್ಕೂ ಮಿಕ್ಕಿದ ಎಳೆಗಳಾಗಿ ಸೀಳಿ ಒಂದೊಂದು ಎಳೆಯನ್ನೂ ಅಳೆಯುತ್ತದೆ. ರೋಗ ತಗಲಿದ ಎಲೆಯು ಮನುಷ್ಯನ ಕಣ್ಣಿಗೆ ಇನ್ನೂ ಹಸಿರಾಗಿರುವಾಗಲೇ ಯಾವುದೋ ಒಂದು ಎಳೆಯಲ್ಲಿ ಬೆಳಕನ್ನು ಬೇರೆ ರೀತಿ ಮರಳಿಸುತ್ತಿರುತ್ತದೆ. ಒಂದು ಚುಕ್ಕೆಗೆ 5 ಮೀಟರ್ ಚೌಕ, ಅಂದರೆ ಅರ್ಧ ಸೆಂಟ್ಸಿಗಿಂತ ತುಸು ಹೆಚ್ಚು. 1993ರ ಮೂವತ್ತೆರಡು ಸೆಂಟ್ಸ್ ಎಲ್ಲಿ, ಈ ಅರ್ಧ ಸೆಂಟ್ಸ್ ಎಲ್ಲಿ! ಇದು ನಿಜವಾಗಿ ದೊಡ್ಡ ಸಾಧನೆ. ಮೂವತ್ತು ವರ್ಷ ದಾಟದ ಹುಡುಗರು ಮಾಡಿದ್ದು ಎಂಬುದು ಇನ್ನೂ ದೊಡ್ಡದು.

ಆದರೆ ಕ್ಯಾಮರ ಎಷ್ಟು ಸೂಕ್ಷ್ಮವಾದರೂ ಅಂಗಡಿ ನಡೆಯಬೇಕಾದರೆ ಗಿರಾಕಿ ಬೇಕು. ಭೂಕಂಪವನ್ನು ಯಾವ ಉಪಗ್ರಹವೂ ಮುಂದಾಗಿ ಹೇಳಲಾರದು. ಭೂಕಂಪವಾದ ಮೇಲೆ ಯಾವ ಹಳ್ಳಿ ಬಿದ್ದಿದೆ, ಯಾವ ದಾರಿ ಕಡಿದಿದೆ ಎಂದು ಮೊದಲ ದಿನವೇ ತೋರಿಸಬಲ್ಲದು. ಆದರೆ ಅಂಥ ಮಹಾವಿಪತ್ತಿನಲ್ಲಿ ದೇಶ ದೇಶಗಳ ಸಂಸ್ಥೆಗಳು ಚಿತ್ರಗಳನ್ನು ಬಿಟ್ಟಿಯಾಗಿ ಕೊಡುವ ಒಡಂಬಡಿಕೆಯೇ ಇದೆ, ಇಸ್ರೋ ಕೂಡ 2001ರಿಂದ ಅದರ ಸದಸ್ಯ. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹವು ಅಮೇರಿಕದ ನಾಸಾ ಮತ್ತು ಇಸ್ರೋ ಕೂಡಿ ಕಟ್ಟಿದ್ದು. ನೆಲವು ಸೆಂಟಿಮೀಟರಿನಷ್ಟು ಸರಿದರೂ ಅಳೆಯುವಂಥದು. ಅದರ ಮಾಹಿತಿಯೂ ಬಿಟ್ಟಿ. ಹಾಗಾಗಿ ಭೂಕಂಪವನ್ನು ನೆಚ್ಚಿ ಯಾವ ಕಂಪೆನಿಯೂ ಬದುಕಲಾರದು. ಅದಕ್ಕೆ ದಿನನಿತ್ಯ ಕೊಳ್ಳುವವರು ಬೇಕು.

ಹಿಂದಿನ ಅನುಭವ

ದೊಡ್ಡ ಅಂಕೆಗಳಿಗೆ ಕೊರತೆಯಿಲ್ಲ. ಜಗತ್ತಿನ ಬಾಹ್ಯಾಕಾಶ ವಹಿವಾಟು 2024ರಲ್ಲಿ 61,300 ಕೋಟಿ ಡಾಲರೆಂದು ಅಮೇರಿಕದ ಸ್ಪೇಸ್ ಫೌಂಡೇಶನ್ ಲೆಕ್ಕ ಹಾಕಿತು. ಭಾರತದ ಪಾಲು 2022ರಲ್ಲಿ ಸುಮಾರು 840 ಕೋಟಿ ಡಾಲರಿದ್ದುದನ್ನು 2033ಕ್ಕೆ 4,400 ಕೋಟಿಗೆ ಏರಿಸುವುದು ಇನ್-ಸ್ಪೇಸಿನ ಗುರಿ. ಆದರೆ ಈ ಮೊತ್ತದಲ್ಲಿ ಆಕಾಶದಲ್ಲಿ ನಡೆಯುವುದು ಸ್ವಲ್ಪ. ಬಹುಪಾಲು ನಡೆಯುವುದು ನೆಲದಲ್ಲೇ. ಮನೆಯ ಮಾಡಿನ ಮೇಲಣ ಟಿ.ವಿ. ಡಿಶ್ಶು, ಕಿಸೆಯ ಫೋನಿನಲ್ಲಿ ದಾರಿ ತೋರಿಸುವ ಚಿಪ್ಪು, ಇವೆಲ್ಲ ಸೇರಿ ಅಂಕೆ ಉಬ್ಬಿದೆ. ರಾಕೆಟು ಹಾರಿಸುವ ಬಾಡಿಗೆ ಅದರಲ್ಲಿ ಚಿಕ್ಕ ಪಾಲು. ಲಂಡನಿನ ಒನ್‌ವೆಬ್ ಕಂಪೆನಿಯ 72 ಉಪಗ್ರಹಗಳನ್ನು ನಮ್ಮ ಅತಿ ಭಾರದ ರಾಕೆಟು 2022 ಮತ್ತು 2023ರಲ್ಲಿ ಎರಡು ಸಲ ಹಾರಿ ಕಕ್ಷೆಗೆ ಮುಟ್ಟಿಸಿದಾಗ ಎನ್.ಎಸ್.ಐ.ಎಲ್.ಗೆ ಸಿಕ್ಕ ಗುತ್ತಿಗೆ ಸಾವಿರ ಕೋಟಿ ರೂಪಾಯಿ ಮೀರಿದ್ದು. ಹೆಮ್ಮೆಯ ಸಂಗತಿ, ಸಂದೇಹವಿಲ್ಲ. ಆದರೆ ಅದೇ ಒನ್‌ವೆಬ್ 2020ರ ಮಾರ್ಚಿನಲ್ಲಿ ದಿವಾಳಿಯೆದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿದವರು ಬ್ರಿಟಿಷ್ ಸರಕಾರ ಮತ್ತು ನಮ್ಮ ಭಾರ್ತಿ ಕಂಪೆನಿ.

ಈ ಕತೆ ಹೊಸದಲ್ಲ. 1998ರಲ್ಲಿ ಇರಿಡಿಯಂ ಎಂಬ ಕಂಪೆನಿ 500 ಕೋಟಿ ಡಾಲರು ಸುರಿದು 66 ಉಪಗ್ರಹಗಳ ಫೋನ್ ಸೇವೆ ಆರಂಭಿಸಿತು. ಫೋನು ಇಟ್ಟಿಗೆಯಷ್ಟು ಭಾರ, ಮಾತಿನ ದರ ಬಂಗಾರದಷ್ಟು. ವರ್ಷ ತುಂಬುವ ಮೊದಲೇ ದಿವಾಳಿ. ಎರಡೂವರೆ ಕೋಟಿ ಡಾಲರಿಗೆ ಹೊಸಬರು ಅದನ್ನು ಕೊಂಡರು. ಅದು ಬದುಕಿದ್ದು ಅಮೇರಿಕದ ರಕ್ಷಣಾ ಖಾತೆಯು ಗಿರಾಕಿಯಾಗಲು ಒಪ್ಪಿದ್ದರಿಂದ. ಇಂದು ಜಗತ್ತೇ ಕೊಂಡಾಡುವ ಸ್ಪೇಸ್‌ಎಕ್ಸ್ 2008ರಲ್ಲಿ ಮೂರು ರಾಕೆಟುಗಳನ್ನು ಒಂದರ ಹಿಂದೊಂದು ಕಳೆದುಕೊಂಡು ಕೈ ಬರಿದಾಗಿ ಕೂತಿತ್ತು. ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಹಾರಿತು. ಡಿಸೆಂಬರಿನಲ್ಲಿ ನಾಸಾ ತನ್ನ ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಸಾಗಿಸಲು 160 ಕೋಟಿ ಡಾಲರಿನ ಗುತ್ತಿಗೆ ಕೊಟ್ಟಿತು. ಖಾಸಗಿ ಸಾಹಸದ ಹಿಂದೆ ಎಲ್ಲಿ ನೋಡಿದರೂ ಸರಕಾರವು ದಿನಸಿ ಅಂಗಡಿಯ ಕಾಯಂ ಗಿರಾಕಿಯಂತೆ ನಿಂತಿದೆ. ನಾವು ಇದನ್ನು ನಿಂದಿಸುವುದಿಲ್ಲ. ನಾಸಾ ಮಾಡಿದ್ದು ಜಾಣತನ. ರಾಕೆಟನ್ನು ಕೊಳ್ಳದೆ ಪ್ರಯಾಣವನ್ನು ಕೊಂಡಿತು, ಬೆಲೆ ಇಳಿಯಿತು.

ಅದೇ ಅಮೇರಿಕ ಚಿತ್ರದ ವ್ಯಾಪಾರದಲ್ಲಿ ಎಡವಿದ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಸರಕಾರದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರ ಮಾರುವ ಹಕ್ಕನ್ನು 1985ರಲ್ಲಿ ಇಯೋಸ್ಯಾಟ್ ಎಂಬ ಖಾಸಗಿ ಕಂಪೆನಿಗೆ ಕೊಟ್ಟರು. ಒಂದು ಚಿತ್ರದ ಬೆಲೆ ಸುಮಾರು 4,400 ಡಾಲರಿನವರೆಗೆ ಏರಿತು. ವಿಶ್ವವಿದ್ಯಾನಿಲಯಗಳೂ ಕೃಷಿ ಸಂಶೋಧಕರೂ ಕೊಳ್ಳುವುದನ್ನು ಬಿಟ್ಟರು. 1992ರಲ್ಲಿ ಕಾಯಿದೆ ಮಾಡಿ ಉಪಗ್ರಹವನ್ನು ಮರಳಿ ಸರಕಾರದ ಕೈಗೆ ತಂದರು. 2008ರಲ್ಲಿ ಚಿತ್ರಗಳನ್ನೆಲ್ಲ ಬಿಟ್ಟಿ ಮಾಡಿದರು. ಮಾರಾಟದ ಕಾಲದಲ್ಲಿ ದಿನಕ್ಕೆ ಐವತ್ತು ಚಿಲ್ಲರೆ ಹೋಗುತ್ತಿದ್ದ ಚಿತ್ರಗಳು ದಿನಕ್ಕೆ ಸಾವಿರಗಟ್ಟಲೆ ಹೋಗತೊಡಗಿದವು. ವಿಚಿತ್ರವೆಂದರೆ ಆ ಬಳಿಕವೇ ಚಿತ್ರವನ್ನು ಓದಿ ಹೇಳುವ ಖಾಸಗಿ ಕಂಪೆನಿಗಳು ನೂರಾರು ಹುಟ್ಟಿದವು. ಕಚ್ಚಾ ಚಿತ್ರಕ್ಕೆ ಬೆಲೆಯಿಲ್ಲದಾದಾಗ ಅದರಿಂದ ತೆಗೆಯುವ ಅರ್ಥಕ್ಕೆ ಬೆಲೆ ಬಂತು. ಅಕ್ಕಿ ಅಗ್ಗವಾದ ಊರಿನಲ್ಲಿ ಹೋಟೆಲು ಹೆಚ್ಚುವ ಹಾಗೆ.

ನಮ್ಮ 2023ರ ನೀತಿಯು ಈ ಪಾಠವನ್ನು ಅರ್ಧ ಕಲಿತಿದೆ. ಇಸ್ರೋದ ಉಪಗ್ರಹಗಳ 5 ಮೀಟರ್ ಹಾಗೂ ಅದಕ್ಕಿಂತ ಒರಟಾದ ಚಿತ್ರಗಳು ಎಲ್ಲರಿಗೂ ಬಿಟ್ಟಿ. ಅದಕ್ಕಿಂತ ಸೂಕ್ಷ್ಮವಾದವು ಸರಕಾರಿ ಇಲಾಖೆಗಳಿಗೆ ಬಿಟ್ಟಿ, ಉಳಿದವರಿಗೆ ಬೆಲೆಗೆ. ಕಂಪೆನಿಗಳ ಚಿತ್ರಗಳಂತೂ ಕಂಪೆನಿಯ ಸೊತ್ತು.

ಗುತ್ತಿಗೆ ಬರೆಯುವುದರಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೇರಿಕಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರು ಸಾಕು. 2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್, ದೇವಾಸ್ ಎಂಬ ಖಾಸಗಿ ಕಂಪೆನಿಗೆ ಎರಡು ಉಪಗ್ರಹಗಳ ಬಹುಪಾಲು ಸಾಮರ್ಥ್ಯವನ್ನು, ಅಮೂಲ್ಯವಾದ ಎಸ್-ಬ್ಯಾಂಡ್ ತರಂಗಗಳ ಸಮೇತ, ಗುತ್ತಿಗೆ ಕೊಡಲು ಒಪ್ಪಿತು. 2011ರ ಫೆಬ್ರವರಿಯಲ್ಲಿ ಸರಕಾರ ಅದನ್ನು ರದ್ದುಮಾಡಿತು. 2015ರಲ್ಲಿ ಅಂತಾರಾಷ್ಟ್ರೀಯ ಪಂಚಾಯತಿಯು ಆಂಟ್ರಿಕ್ಸ್ 56 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಕೊಡಬೇಕೆಂದಿತು. 2022ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ದೇವಾಸ್ ಕಂಪೆನಿಯ ಹುಟ್ಟೇ ವಂಚನೆಯಿಂದ ಎಂದು ಅದನ್ನು ಮುಚ್ಚುವ ಆಜ್ಞೆಯನ್ನು ಎತ್ತಿಹಿಡಿಯಿತು. 2025ರಲ್ಲಿ ಅದೇ ವ್ಯಾಜ್ಯ ಅಮೇರಿಕದ ಸುಪ್ರೀಂ ಕೋರ್ಟಿನಲ್ಲಿ ಕಾಣಿಸಿಕೊಂಡಿತು. ಇಪ್ಪತ್ತು ವರ್ಷದಲ್ಲಿ ಅದರಿಂದ ಒಂದು ಹಳ್ಳಿಯ ಮನೆಗೂ ಯಾವ ಸೇವೆಯೂ ತಲುಪಲಿಲ್ಲ, ವಕೀಲರಿಗೆ ತಲುಪಿತು.

ಸೋಯಾ ಹೊಲದ ಮೇಲಣ ಕಣ್ಣು

ಇನ್ನು ಸಾಸ್ತೂರಕ್ಕೆ ಮರಳೋಣ. ಆ ಸೀಮೆಯ ಮುಖ್ಯ ಮುಂಗಾರು ಬೆಳೆ ಈಗ ಸೋಯಾ ಅವರೆ, ಜೊತೆಗೆ ತೊಗರಿ. 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಮುಂಗಾರು ಧಾನ್ಯ ಹಾಗೂ ಎಣ್ಣೆಕಾಳುಗಳಿಗೆ ರೈತನು ವಿಮಾ ಮೊತ್ತದ ಶೇ. 2ರಷ್ಟು ಕಂತು ಕೊಟ್ಟರೆ ಉಳಿದುದನ್ನು ಕೇಂದ್ರ, ರಾಜ್ಯ ಸರಕಾರಗಳು ತುಂಬುತ್ತವೆ. ಅಂದರೆ ವಿಮಾ ಕಂಪೆನಿಯ ನಿಜವಾದ ಗಿರಾಕಿ ಇಲ್ಲಿಯೂ ಸರಕಾರವೇ. ನಷ್ಟ ಎಷ್ಟೆಂಬುದನ್ನು ಒಬ್ಬೊಬ್ಬನ ಹೊಲ ನೋಡಿ ತೀರ್ಮಾನಿಸುವುದಿಲ್ಲ. ಮಹಾರಾಷ್ಟ್ರದಲ್ಲಿ ಕಂದಾಯ ಮಂಡಲವೆಂಬ ಹಲವು ಹಳ್ಳಿಗಳ ಗುಂಪಿನಲ್ಲಿ ಅಲ್ಲೊಂದು ಇಲ್ಲೊಂದು ತುಂಡು ಕೊಯ್ದು ತೂಗಿ ಸರಾಸರಿ ತೆಗೆಯುತ್ತಾರೆ. ಹಳ್ಳದ ಬದಿಯ ಹೊಲ ಮುಳುಗಿ, ದಿಣ್ಣೆಯ ಹೊಲ ಉಳಿದರೆ ಸರಾಸರಿಯಲ್ಲಿ ಇಬ್ಬರೂ ಸಮ.

2020ರಲ್ಲಿ ಈ ಜಿಲ್ಲೆಯಲ್ಲಿ ಏನಾಯಿತೆಂಬುದು ಕೋರ್ಟಿನ ಕಡತದಲ್ಲಿದೆ. ಅಕ್ಟೋಬರಿನ ಮಳೆಗೆ ಕೊಯ್ಲಿಗೆ ಬಂದ ಸೋಯಾ ಹಾಳಾಯಿತು. ನಷ್ಟವಾದ 72 ತಾಸಿನೊಳಗೆ ತಿಳಿಸಲಿಲ್ಲವೆಂಬ ಕಾರಣ ಕೊಟ್ಟು ಖಾಸಗಿ ವಿಮಾ ಕಂಪೆನಿಯೊಂದು ಸುಮಾರು ಮೂರೂವರೆ ಲಕ್ಷ ರೈತರ ಪರಿಹಾರವನ್ನು ನಿರಾಕರಿಸಿತು. ಹೊಲ ನೀರಿನಲ್ಲಿ, ಕರೆಂಟಿಲ್ಲ, ಫೋನಿನಲ್ಲಿ ಅರ್ಜಿ ತುಂಬಬೇಕು, ಅದೂ ಮೂರು ದಿನದೊಳಗೆ! ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠವು 2022ರ ಮೇ ತಿಂಗಳಲ್ಲಿ ರೈತರ ಪರವಾಗಿ ತೀರ್ಪಿತ್ತಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ನಮ್ಮನ್ನು ಚಿಂತೆಗೆ ಹಚ್ಚಿದ ಸಂಗತಿ ಇದು: ಆ ದಿನಗಳಲ್ಲಿ ಯುರೋಪಿನ ಸೆಂಟಿನೆಲ್-1 ಎಂಬ ರೇಡಾರ್ ಉಪಗ್ರಹ ಆಕಾಶದಲ್ಲಿತ್ತು. ಅದು ಮೋಡವನ್ನು ತೂರಿ ನೋಡುತ್ತದೆ, ನಿಂತ ನೀರನ್ನು ಕಪ್ಪಾಗಿ ತೋರಿಸುತ್ತದೆ, ಅದರ ಚಿತ್ರ ಜಗತ್ತಿಗೆಲ್ಲ ಬಿಟ್ಟಿ. ಆದರೆ ಅದನ್ನು ಬಿಡಿಸಿ ಓದಲು ಯಂತ್ರವೂ ತಜ್ಞನೂ ಬೇಕು. ಇವೆರಡೂ ವಿಮಾ ಕಂಪೆನಿಗೆ ಸುಲಭ, ಸರಕಾರಕ್ಕೆ ಸಾಧ್ಯ, ರೈತನಿಗೆ ಕೈಗೆಟುಕದ ಹಣ್ಣು. ಸಾಕ್ಷಿ ಆಕಾಶದಲ್ಲಿದ್ದರೂ ಅದನ್ನು ಕರೆಸುವ ಶಕ್ತಿ ಒಂದೇ ಪಕ್ಷಕ್ಕಿದ್ದರೆ ವ್ಯಾಜ್ಯ ಹೇಗೆ ಸಮವಾಗುತ್ತದೆ?

ಈಗ ಆ ಸಾಕ್ಷಿ ಕಡ್ಡಾಯವಾಗಿದೆ. 2023ರ ಮುಂಗಾರಿನಿಂದ ಕೇಂದ್ರವು ಇಳುವರಿ ಅಂದಾಜಿನಲ್ಲಿ ಉಪಗ್ರಹ ಆಧಾರಿತ ಲೆಕ್ಕಕ್ಕೆ ಕನಿಷ್ಠ ಶೇ. 30ರ ತೂಕ ಕೊಟ್ಟಿತು. ಮೊದಲು ಭತ್ತ, ಗೋಧಿಗೆ, 2024ರ ಮುಂಗಾರಿನಿಂದ ಸೋಯಾಕ್ಕೂ. 2025ರಲ್ಲಿ ಮಹಾರಾಷ್ಟ್ರವು ಒಂದು ರೂಪಾಯಿಯ ವಿಮೆಯನ್ನು ನಿಲ್ಲಿಸಿ, ಸ್ಥಳೀಯ ವಿಪತ್ತಿಗೆ ಪ್ರತ್ಯೇಕ ಪರಿಹಾರವಿದ್ದ ಅಂಶವನ್ನೂ ಕೈಬಿಟ್ಟು, ಇಳುವರಿಯ ಸರಾಸರಿಯನ್ನೇ ನೆಚ್ಚಿಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಧಾರಾಶಿವ, ಲಾತೂರು ಸಹಿತ ಮರಾಠವಾಡದಲ್ಲಿ ಅತಿವೃಷ್ಟಿಯಾಯಿತು. ಸಾಸ್ತೂರದ ರೈತನ ಕೈಗೆ ಬರುವ ಹಣವನ್ನು ಒಂದಂಶ ಆಕಾಶದ ಕಣ್ಣು ನಿರ್ಧರಿಸುವ ಕಾಲ ಬಂದೇ ಬಿಟ್ಟಿತು. ಬ್ಯಾಂಕುಗಳೂ ಹಿಂದುಳಿದಿಲ್ಲ. 2020ರಲ್ಲೇ ದೊಡ್ಡ ಖಾಸಗಿ ಬ್ಯಾಂಕೊಂದು ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳ ನೂರಾರು ಹಳ್ಳಿಗಳಲ್ಲಿ ಉಪಗ್ರಹ ಚಿತ್ರ ನೋಡಿ ಕೃಷಿ ಸಾಲದ ಯೋಗ್ಯತೆ ಅಳೆಯುವ ಕ್ರಮವನ್ನು ಆರಂಭಿಸಿತು. ಇದರಲ್ಲಿ ಒಳಿತಿಲ್ಲವೆಂದು ನಾವು ಹೇಳುವುದಿಲ್ಲ. ಗ್ರಾಮಲೆಕ್ಕಿಗನ ಬಾಗಿಲಲ್ಲಿ ನಿಲ್ಲದೆ ಸಾಲ ಸಿಕ್ಕರೆ ಯಾರಿಗೆ ಬೇಡ? ಚುಕ್ಕೆ ಅರ್ಧ ಸೆಂಟ್ಸಿಗೆ ಇಳಿದಷ್ಟೂ ಹಳ್ಳದ ಬದಿಯ ಹೊಲವನ್ನು ದಿಣ್ಣೆಯ ಹೊಲದಿಂದ ಬೇರ್ಪಡಿಸಿ ನೋಡಬಹುದು. ಮಂಡಲದ ಸರಾಸರಿಯ ಅನ್ಯಾಯ ತಪ್ಪಬಹುದು. ಖಾಸಗಿ ಉಪಗ್ರಹಗಳಿಂದ ಸಾಸ್ತೂರಕ್ಕೆ ಆಗಬಹುದಾದ ನಿಜವಾದ ಉಪಕಾರ ಇದೇ. ಬೆಂಗಳೂರಿನ ಹುಡುಗರ ಅಂಗಡಿಗೆ ದಿನನಿತ್ಯದ ಗಿರಾಕಿ ಸಿಗುವುದೂ ಇಲ್ಲಿಯೇ: ವಿಮೆ, ಸಾಲ, ನೀರಾವರಿ, ಅರಣ್ಯ, ಕಂದಾಯ. ಚಂದ್ರನಲ್ಲಿ ಗಣಿ ತೋಡುವ ಮಾತು ಆಮೇಲೆ.

ನಮ್ಮ ಜಿಲ್ಲೆಗೂ ಇದು ಅನ್ವಯಿಸುತ್ತದೆ. ಸಮುದ್ರಕ್ಕೆ ಹೋಗುವವರಿಗೆ ಮೀನು ಎಲ್ಲಿ ಹೆಚ್ಚು ಸಿಗಬಹುದೆಂಬ ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸಂಸ್ಥೆ ಉಪಗ್ರಹದಿಂದ ಸಮುದ್ರದ ಬಣ್ಣ, ಬಿಸುಪು ನೋಡಿ ಬಿಟ್ಟಿಯಾಗಿ ಕೊಡುತ್ತದೆ. ಕರಾವಳಿಯ ಭಾಷೆಗಳಲ್ಲೆಲ್ಲ ಕೊಡುತ್ತದೆ, ಮಲಯಾಳದಲ್ಲೂ ಕನ್ನಡದಲ್ಲೂ. ಇನ್ನು ಅಡಿಕೆ. ಹಳದಿ ರೋಗ, ಎಲೆಚುಕ್ಕೆ ರೋಗಗಳಿಂದ ಕರಾವಳಿ, ಮಲೆನಾಡಿನ ತೋಟಗಳು ಬಳಲಿರುವುದು ವಾಚಕರಿಗೆ ಗೊತ್ತೇ ಇದೆ. ಬೆಳಕನ್ನು ನೂರು ಎಳೆ ಮಾಡುವ ಕ್ಯಾಮರಕ್ಕೆ ಇದು ಹೇಳಿಮಾಡಿಸಿದ ಕೆಲಸವೆಂದು ತೋರುತ್ತದೆ. ಆದರೆ ಎಣ್ಮಕಜೆಯ ಇಳಿಜಾರಿನಲ್ಲಿ ಅಡಿಕೆಯ ನಡುವೆ ತೆಂಗು, ಬಾಳೆ, ಮೇಲೆ ಹಬ್ಬಿದ ಕರಿಮೆಣಸು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ. ಆ ಕ್ಯಾಮರ ಮೋಡ ತೂರಿ ನೋಡಲಾರದು, ಅರ್ಧ ಸೆಂಟ್ಸಿನಲ್ಲಿ ನಾಲ್ಕು ಬಗೆಯ ಎಲೆಗಳು ಬೆರೆತಿರುತ್ತವೆ. ಮರಾಠವಾಡದ ಬಯಲಿನ ಸೋಯಾದಷ್ಟು ಸುಲಭದ ಪಾಠ ನಮ್ಮ ತೋಟಗಳಲ್ಲ. ನಮ್ಮಂಥ ತುಂಡು ತೋಟಗಳಿಗೆ ಹೊಂದುವಂತೆ ಲೆಕ್ಕ ಕಟ್ಟಬೇಕಾದರೆ ಯಾರಾದರೂ ನೆಲದಲ್ಲಿ ನಡೆದು ಮರಮರವನ್ನೂ ಗುರುತು ಮಾಡಬೇಕು. ಲಾಭ ಕಡಿಮೆಯಾದ ಈ ಕೆಲಸಕ್ಕೆ ಕಂಪೆನಿ ತಾನಾಗಿ ಬರುವುದು ಕಷ್ಟ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನ ಕೇಂದ್ರದಂಥ ಸರಕಾರಿ ಸಂಸ್ಥೆಯೇ ಮುಂದೆ ಬಂದು ಗಿರಾಕಿಯಾಗಬೇಕು.

ಕೊನೆಗೆ, ಗಡಿಯ ಮನೆಗಳಿಗೆ ವಿಶೇಷವಾಗಿ ತಾಗುವ ಒಂದು ವಿಷಯ. ನಮ್ಮ ಸಂವಿಧಾನದ 350ನೆಯ ವಿಧಿಯಂತೆ ಯಾವನೇ ಪ್ರಜೆ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಇವು ಎಷ್ಟರ ಮಟ್ಟಿಗೆ ನಡೆಯುತ್ತಿವೆ ಎಂಬುದನ್ನು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅದಿರಲಿ. ಈ ಹಕ್ಕುಗಳೆಲ್ಲ ಸರಕಾರವನ್ನು ಕಟ್ಟಿಹಾಕುತ್ತವೆ, ಕಂಪೆನಿಯನ್ನಲ್ಲ. ಬೆಳೆ ನೋಡುವ ಕೆಲಸ ತಲಾಠಿಯ ಕೈಯಿಂದ ಕಂಪೆನಿಯ ಕೈಗೆ ಹೋದ ದಿನ ಆ ಹಕ್ಕು ಜೊತೆಗೆ ಹೋಗುವುದಿಲ್ಲ. ಸಾಸ್ತೂರದ ಕನ್ನಡ ಮನೆಯ ಮುದುಕನಿಗೆ ಮರಾಠಿ ಬರುತ್ತದೆ, ಬದುಕು ಕಲಿಸಿದೆ. ಆದರೆ ಅವನ ಹೊಲದ ಇಳುವರಿ ಇಷ್ಟೇ ಎಂದು ಹೇಳುವ ವರದಿ ಇಂಗ್ಲಿಷಿನಲ್ಲಿ, ಬೆಂಗಳೂರಿನದೋ ಹೈದರಾಬಾದಿನದೋ ಯಂತ್ರದಲ್ಲಿ ಇರುತ್ತದೆ. ಅದನ್ನು ಅವನು ಯಾರಲ್ಲಿ, ಯಾವ ಭಾಷೆಯಲ್ಲಿ ಪ್ರಶ್ನಿಸಬೇಕು?

ಇದಕ್ಕೆ ಉಪಾಯವಿಲ್ಲದಿಲ್ಲ. ಗಿರಾಕಿ ಸರಕಾರವಾದುದರಿಂದ ಗುತ್ತಿಗೆಯ ಕರಾರನ್ನು ಬರೆಯುವ ಕೈಯೂ ಸರಕಾರದ್ದೇ. ವಿಮೆಗೆಂದು ಸರಕಾರದ ಹಣದಿಂದ ಕೊಂಡ ಚಿತ್ರವನ್ನು, ಆ ಹೊಲದ ರೈತ ಕೇಳಿದರೆ, ಬಿಟ್ಟಿಯಾಗಿ ತೋರಿಸಬೇಕು. ಅದರ ಮೇಲೆ ಹಾಕಿದ ಲೆಕ್ಕವನ್ನು ಅವನ ಭಾಷೆಯಲ್ಲಿ ತಿಳಿಸಬೇಕು. ಲೆಕ್ಕ ತಪ್ಪೆಂದು ಅವನು ಹೇಳಿದರೆ ತಾಲೂಕು ಮಟ್ಟದಲ್ಲಿ ಒಬ್ಬ ಅಧಿಕಾರಿ ಹೊಲಕ್ಕೆ ಹೋಗಿ ನೋಡಬೇಕು. ಇಷ್ಟನ್ನು ಕರಾರಿನಲ್ಲಿ ಬರೆದರೆ ಪಿಕ್ಸೆಲಿಗಾಗಲಿ ಸ್ಯಾಟ್‌ಶೂರಿಗಾಗಲಿ ನಷ್ಟವೇನೂ ಇಲ್ಲ. ರೈತ ನಂಬಿದ ಲೆಕ್ಕಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲಿ ಪ್ರಕಟವಾಗಿತ್ತು. 2023ರಲ್ಲಿ ನೀತಿ ಬಂದಾಗಲೂ ಅದು ಕಾಯಿದೆಯಾಗಿರಲಿಲ್ಲ. ಉಪಗ್ರಹ ಯಾರ ತಲೆಯ ಮೇಲೆ ಬಿದ್ದರೆ ಯಾರು ಹೊಣೆ ಎಂಬಂಥ ವಿಷಯಗಳು ಆ ಕರಡಿನಲ್ಲಿದ್ದವು. ಉಪಗ್ರಹ ಯಾರ ಹೊಲವನ್ನು ನೋಡಿದರೆ ಯಾರಿಗೆ ಹೇಳಬೇಕೆಂಬುದನ್ನೂ ಕಾಯಿದೆಯಲ್ಲಿ ಸೇರಿಸುವಂತೆ ಗಡಿಭಾಗದ ಸಂಸತ್ಸದಸ್ಯರು, ಕಾಸರಗೋಡಿನವರೂ ಧಾರಾಶಿವದವರೂ ಬೀದರದವರೂ, ಪಕ್ಷ ಬಿಟ್ಟು ಒಟ್ಟಾಗಿ ಒತ್ತಾಯಿಸಬೇಕೆಂದು ನಾವು ಕೋರುತ್ತೇವೆ.